ಪೆನ್ಸಿಲ್ವೇನಿಯಾಕ್ಕೆ ಫೋನ್ ಮಾಡಿದ ಆರು ವಾರ

2020ರ ಅಕ್ಟೋಬರ್ 5, ಸೋಮವಾರ, ಸಂಜೆ ಏಳರ ಹೊತ್ತು. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಅಡುಗೆಮನೆಯ ಟೇಬಲ್ ಮುಂದೆ ಕೂತಿದ್ದೆ. ಫೋನ್ ಎತ್ತಿದ ಹೆಂಗಸು ಹಲೋ ಅನ್ನಲಿಲ್ಲ. "ನೋಡು, ಮಾಸ್ಕ್ ತೆಗೆದೇಬಿಟ್ಟ!" ಅಂದಳು. ಅದು ನನಗೆ ಹೇಳಿದ್ದಲ್ಲ, ಪಕ್ಕದಲ್ಲಿದ್ದ ಗಂಡನಿಗೆ. ಅವರ ಮನೆಯ ಟಿವಿ ಸದ್ದು ನನ್ನ ಕಿವಿಗೂ ಬೀಳುತ್ತಿತ್ತು. ಅಧ್ಯಕ್ಷ ಟ್ರಂಪ್ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಿಂದ ಹೆಲಿಕಾಪ್ಟರ್‌ನಲ್ಲಿ ವಾಪಸ್ಸಾಗಿ, ಶ್ವೇತಭವನದ ಮೆಟ್ಟಿಲು ಹತ್ತಿ, ಮೇಲೆ ನಿಂತು ಮಾಸ್ಕ್ ಬಿಚ್ಚಿ ಜೇಬಿಗೆ ಇಟ್ಟುಕೊಂಡ ಗಳಿಗೆ ಅದು. ಆ ರಾತ್ರಿ ಫೋನ್ ಎತ್ತಿದ ಮನೆಗಳಲ್ಲೆಲ್ಲ ಅದೇ ಮಾತು.

ನನ್ನೂರು ಶಿರಾ. ಈಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಫಿಲಡೆಲ್ಫಿಯಾ ನಗರದ ಪಶ್ಚಿಮಕ್ಕೆ, ಚೆಸ್ಟರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. 2018ರಲ್ಲಿ ಪೌರತ್ವ ಸಿಕ್ಕಿತ್ತು, ಹಾಗಾಗಿ ಅಧ್ಯಕ್ಷರ ಆಯ್ಕೆಗೆ ಅದೇ ನನ್ನ ಮೊದಲ ಮತ. ಮಾರ್ಚ್‌ನಿಂದ ಮನೆಯಲ್ಲೇ ಕೂತು ಕೂತು ತಲೆ ಕೆಟ್ಟಿತ್ತು. ಸೆಪ್ಟೆಂಬರ್ ಕೊನೆಯಲ್ಲಿ, ಯಾವ ಪಕ್ಷಕ್ಕೂ ಸೇರದ ಒಂದು ಸ್ವಯಂಸೇವಕರ ಗುಂಪಿಗೆ ಸೇರಿಕೊಂಡೆ. ಕೆಲಸ ಇಷ್ಟೇ: ಮತದಾರರಿಗೆ ಫೋನ್ ಮಾಡಿ, ಅಂಚೆ ಮತಕ್ಕೆ ಅರ್ಜಿ ಹಾಕಿದ್ದೀರಾ, ಮತಪತ್ರ ಬಂತಾ, ಎರಡು ಕವರ್ ಇರುವುದು ಗೊತ್ತಾ ಅಂತ ಕೇಳುವುದು. ಅಭ್ಯರ್ಥಿಗಳ ಮಾತು ಎತ್ತುವ ಹಾಗಿಲ್ಲ.

ಆ ಎರಡು ಕವರ್‌ನ ಕಥೆ ಹೇಳಲೇಬೇಕು. ಕಾರಣ ಕೊಡದೆ ಯಾರು ಬೇಕಾದರೂ ಅಂಚೆಯಲ್ಲಿ ಮತ ಹಾಕಬಹುದು ಅನ್ನುವ ಕಾಯ್ದೆ ಪೆನ್ಸಿಲ್ವೇನಿಯಾದಲ್ಲಿ ಬಂದದ್ದೇ 2019ರಲ್ಲಿ. ಜನಕ್ಕೆ ಅಭ್ಯಾಸವಿರಲಿಲ್ಲ. ಮತಪತ್ರವನ್ನು ಒಳಗಿನ ಗೋಪ್ಯ ಕವರ್‌ಗೆ ಹಾಕಿ, ಅದನ್ನು ಹೊರಗಿನ ಕವರ್‌ಗೆ ಹಾಕಿ, ಹೊರಗಡೆ ಸಹಿ ಮಾಡಬೇಕು. ಒಳಗಿನ ಕವರ್ ಇಲ್ಲದೆ ಬಂದದ್ದನ್ನು ಎಣಿಸಬಾರದು ಅಂತ ಸೆಪ್ಟೆಂಬರ್ 17ಕ್ಕೆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಅಂಥದ್ದಕ್ಕೆ ಇಲ್ಲಿನವರು ಇಟ್ಟ ಹೆಸರು 'ಬೆತ್ತಲೆ ಮತಪತ್ರ'. ಹೀಗಂದರೆ ಅಜ್ಜಿಯಂದಿರು ನಗುತ್ತಿದ್ದರು, ಆಮೇಲೆ ಮರೆಯುತ್ತಿರಲಿಲ್ಲ. ಸ್ಕ್ರಿಪ್ಟ್‌ನಲ್ಲಿದ್ದ ಉದ್ದನೆಯ ಕಾನೂನಿನ ವಾಕ್ಯ ಬಿಟ್ಟು ನಾನು ಇದನ್ನೇ ಹಿಡಿದುಕೊಂಡೆ.

ಮೊದಲ ವಾರ ಪೂರ್ತಿ ಸೋಲು. ನನ್ನ ಇಂಗ್ಲಿಷಿನ ರಾಗ ಕೇಳಿದ ಕೂಡಲೇ, ಇದು ಕಾರಿನ ವಾರಂಟಿ ಹೆಸರಲ್ಲಿ ದುಡ್ಡು ಹೊಡೆಯುವವರ ಫೋನ್ ಅಂತ ತೀರ್ಮಾನಿಸಿ ಜನ ಕಟ್ ಮಾಡುತ್ತಿದ್ದರು. ಅವರ ತಪ್ಪೂ ಅಲ್ಲ ಬಿಡಿ. ನಾನು ಶುರುವಿನ ಮಾತನ್ನೇ ಬದಲಿಸಿದೆ: "ನನಗೆ ಯಾವ ನಂಬರೂ ಕೊಡಬೇಡಿ. ನಾನೇ ನಿಮ್ಮ ಕೌಂಟಿ ಚುನಾವಣಾ ಕಚೇರಿ ನಂಬರ್ ಕೊಡುತ್ತೇನೆ, ಬೇಕಾದರೆ ಅವರನ್ನೇ ಕೇಳಿ." ಅದರ ಬೆನ್ನಿಗೇ, "ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದೀರಾ?" ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಕೇಳುವ ಮಾತು. ಇದು ಸ್ಕ್ರಿಪ್ಟ್‌ನಲ್ಲಿಲ್ಲ ಅಂತ ನಮ್ಮ ಮೇಲ್ವಿಚಾರಕಿ ಒಮ್ಮೆ ಗದರಿದಳು. ನಾನು ಬಿಡಲಿಲ್ಲ.

ಆ ಪ್ರಶ್ನೆ ಅಕ್ಟೋಬರ್ 2ರ ನಂತರ ಬೇರೆಯೇ ಆಗಿಬಿಟ್ಟಿತು. ಅಂದು ನಸುಕಿಗೆ ಮುಂಚೆ ಅಧ್ಯಕ್ಷರೇ ತಮಗೂ ಪತ್ನಿಗೂ ಸೋಂಕು ತಗುಲಿದೆ ಅಂತ ಟ್ವೀಟ್ ಮಾಡಿದ್ದರು. ಸಂಜೆ ಆಸ್ಪತ್ರೆಗೆ ಸೇರಿದರು. ಭಾನುವಾರ ಆಸ್ಪತ್ರೆಯ ಗೇಟಿನ ಮುಂದೆ ನೆರೆದಿದ್ದ ಬೆಂಬಲಿಗರಿಗೆ ಕೈ ಬೀಸಲು ಕಾರಿನಲ್ಲಿ ಒಂದು ಸುತ್ತು ಬಂದರು. ಕಿಟಕಿ ಮುಚ್ಚಿದ ಕಾರು, ಜೊತೆಗೆ ಅಂಗರಕ್ಷಕರು. ಸೋಮವಾರ ಆ ಮಾಸ್ಕ್, ಜೊತೆಗೆ 'ಕೋವಿಡ್‌ಗೆ ಹೆದರಬೇಡಿ' ಅನ್ನುವ ಟ್ವೀಟ್. ಅಷ್ಟರಲ್ಲಿ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು.

"ಮನೆಯಲ್ಲಿ ಎಲ್ಲರೂ ಹುಷಾರಾ" ಅಂದರೆ ಈಗ ಜನ ಸುಮ್ಮನಾಗುತ್ತಿದ್ದರು. ನಾನೂ ಸುಮ್ಮನಿರುವುದು ಕಲಿತೆ. ಮೂರು ನಾಲ್ಕು ಸೆಕೆಂಡು ಬಾಯಿ ಮುಚ್ಚಿಕೊಂಡರೆ ಸಾಕು. ವೃದ್ಧಾಶ್ರಮದ ಕಿಟಕಿಯ ಗಾಜಿಗೆ ಕೈಯಿಟ್ಟು ಗಂಡನನ್ನು ನೋಡಿ ಬರುತ್ತಿದ್ದ ಒಬ್ಬಾಕೆಗೆ ಆ ಕಾರಿನ ಸುತ್ತಾಟ ನೋಡಿ ಕೆಂಡದಂಥ ಕೋಪ. ಒಬ್ಬ ನರ್ಸ್‌ಗೆ ಅಂಗರಕ್ಷಕರದ್ದೇ ಚಿಂತೆ. ಇತ್ತ ಜಾನ್ಸ್‌ಟೌನ್ ಕಡೆಯ ಒಬ್ಬ ಮುದುಕನಿಗೆ ಅದೇ ದೃಶ್ಯ ಹಬ್ಬ. ಎಪ್ಪತ್ತನಾಲ್ಕರ ಮನುಷ್ಯ ಮೂರೇ ದಿನಕ್ಕೆ ಎದ್ದು ಬಂದನಲ್ಲ, ಇನ್ನೇನು ಬೇಕು ಅಂದ. 13ನೇ ತಾರೀಖು ಟ್ರಂಪ್ ಅವರೂರಿಗೇ ಬಂದು ಭಾಷಣ ಮಾಡಿದರು. ಮುದುಕ ಹೋಗಿರಲಿಕ್ಕೆ ಸಾಕು.

ನಮ್ಮ ಪರದೆಯ ಮೇಲೆ ಪ್ರತಿ ಕರೆ ಮುಗಿದ ಮೇಲೆ ಒತ್ತಬೇಕಾದ ಗುಂಡಿಗಳಿದ್ದವು: ಮನೆಯಲ್ಲಿಲ್ಲ, ನಿರಾಕರಿಸಿದರು, ತಪ್ಪು ನಂಬರ್, ಮೃತರು. ಆ ಕೊನೆಯದನ್ನು ಆ ಆರು ವಾರಗಳಲ್ಲಿ ಬೇಡಬೇಡವೆನ್ನುವಷ್ಟು ಸಲ ಒತ್ತಿದ್ದೇನೆ. ಈರಿ ಕೌಂಟಿಯ ಒಂದು ನಂಬರಿಗೆ ಮಾಡಿ ಹೆಂಗಸೊಬ್ಬರ ಹೆಸರು ಹೇಳಿ ಕೇಳಿದೆ. ಗಂಡ ಎತ್ತಿದ್ದ. ಅವಳು ಏಪ್ರಿಲ್‌ನಲ್ಲೇ ಹೋದಳು ಅಂದ. ಆಸ್ಪತ್ರೆಯವರು ಟ್ಯಾಬ್ಲೆಟ್ ಹಿಡಿದು ಮುಖ ತೋರಿಸಿದರಂತೆ, ಅಷ್ಟೇ. ಇವರಿಗೆ ಹೆಲಿಕಾಪ್ಟರ್, ಹತ್ತಾರು ಡಾಕ್ಟರು, ಇನ್ನೂ ಅಂಗಡಿಗೆ ಬಾರದ ಆ್ಯಂಟಿಬಾಡಿ ಔಷಧಿ, ಹೊರಗೆ ಬಂದು ನಮಗೆ ಹೆದರಬೇಡಿ ಅಂತ ಬುದ್ಧಿ ಹೇಳುವುದು ಬೇರೆ ಅಂತ ಹತ್ತು ನಿಮಿಷ ಬೈದ. ಕೊನೆಗೆ, ನಾನು ಕೇಳದೆಯೇ, ಆದರೂ ನಾಲ್ಕು ವರ್ಷದ ಹಿಂದೆ ಯಾರಿಗೆ ಹಾಕಿದೆನೋ ಅವನಿಗೇ ಹಾಕೋದು ಅಂದ. ಅವನಿಗೇ ಅಂದರೆ ಯಾರು ಅಂತ ಇಬ್ಬರಿಗೂ ಗೊತ್ತಿತ್ತು.

ಆವತ್ತಿನಿಂದ ಕೋಪವನ್ನೂ ಮತವನ್ನೂ ಒಂದೇ ತಕ್ಕಡಿಗೆ ಹಾಕುವುದನ್ನು ಬಿಟ್ಟೆ. ಟಿವಿಯಲ್ಲಿ ಎಬಿಸಿ-ಇಪ್ಸೋಸ್ ಸಮೀಕ್ಷೆ ಬಂದಿತ್ತು. ಅಧ್ಯಕ್ಷರು ಸೋಂಕಿನ ಅಪಾಯವನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಅಂದವರು 72%. ನನ್ನ ಆಫೀಸಿನ ಗೆಳತಿಯರು ಚುನಾವಣೆ ಮುಗಿದೇಹೋಯಿತು ಅಂತ ಕುಣಿದರು. ನಾನು ನಂಬಲಿಲ್ಲ. ಆ 72ರಲ್ಲಿ ಈರಿಯ ಆ ಮನುಷ್ಯನಂಥವರೂ ಇರುತ್ತಾರೆ. (ಪೆನ್ಸಿಲ್ವೇನಿಯಾದಲ್ಲಿ ಕೊನೆಗೆ ಸುಮಾರು 69 ಲಕ್ಷ ಮತ ಬಿದ್ದು, ಟ್ರಂಪ್ ಎದುರಾಳಿ ಬೈಡನ್ ಗೆದ್ದದ್ದು 80 ಸಾವಿರದಷ್ಟರಲ್ಲಿ.)

ಜನರ ಮನಸ್ಸು ನಿಜವಾಗಿ ಗೊತ್ತಾಗುತ್ತಿದ್ದದ್ದು ಬೈಗುಳದಲ್ಲಲ್ಲ, ನನ್ನ ಸಪ್ಪೆ ಪ್ರಶ್ನೆಯಲ್ಲಿ: ಅಂಚೆಯಲ್ಲಿ ಹಾಕುತ್ತೀರೋ, ಬೂತಿಗೆ ಹೋಗುತ್ತೀರೋ? ಅಂಚೆ ಮತ ಎಂದರೆ ಮೋಸ ಅಂತ ಅಧ್ಯಕ್ಷರು ತಿಂಗಳುಗಟ್ಟಲೆ ಹೇಳಿದ್ದರು. ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಅಭ್ಯರ್ಥಿಗಳ ಟಿವಿ ಚರ್ಚೆಯಲ್ಲಂತೂ ಫಿಲಡೆಲ್ಫಿಯಾದ ಹೆಸರೆತ್ತಿ ಅಲ್ಲಿ ಕೆಟ್ಟದ್ದು ನಡೆಯುತ್ತದೆ ಅಂದುಬಿಟ್ಟರು. ಹಾಗಾಗಿ ರೋಗದ ಭಯಕ್ಕೆ ಕಂಡುಕೊಂಡ ದಾರಿಗೂ ಪಕ್ಷದ ಬಣ್ಣ ಬಂತು. ಅಂಚೆಯಲ್ಲಿ ಬಂದ ಸುಮಾರು 26 ಲಕ್ಷ ಮತಗಳಲ್ಲಿ ಮುಕ್ಕಾಲು ಪಾಲು ಬೈಡನ್‌ಗೆ ಹೋದದ್ದು ಫೋನ್ ಮಾಡಿದ ನಮಗ್ಯಾರಿಗೂ ಆಶ್ಚರ್ಯವಾಗಲಿಲ್ಲ. ಇದರಲ್ಲಿ ಸಿಕ್ಕಿಕೊಂಡವರೂ ಇದ್ದರು. ಒಬ್ಬ ಟ್ರಂಪ್ ಅಭಿಮಾನಿಯ ಹೆಂಡತಿಗೆ ಶ್ವಾಸಕೋಶದ ಕಾಯಿಲೆ. ಹೊರಗೆ ಹೋಗಲು ಭಯ, ಅಂಚೆಗೆ ಹಾಕಲೂ ಭಯ. ಮತಪತ್ರ ಮನೆಗೆ ಬಂದಾಗಿತ್ತು. ಅದನ್ನೂ ಕವರ್‌ಗಳನ್ನೂ ಬೂತಿಗೆ ತಂದು ಒಪ್ಪಿಸಿದರೆ ಅಲ್ಲೇ ಮತ ಹಾಕಬಹುದು, ಇಲ್ಲವೇ ಕೌಂಟಿ ಕಚೇರಿಗೆ ನೀವೇ ಕೊಟ್ಟು ಬರಬಹುದು ಅಂತ ಎರಡೂ ದಾರಿ ಹೇಳಿದೆ. ಏನು ಮಾಡಿದರೋ.

ಅದೇ ನವೆಂಬರ್ 3ರಂದು ನಮ್ಮ ಶಿರಾದಲ್ಲೂ ವಿಧಾನಸಭೆಯ ಉಪಚುನಾವಣೆ ಇತ್ತು. ನಾನು ಬೆಳಗಿನ ಕಾಫಿ ಕುಡಿಯುವ ಹೊತ್ತಿಗೆ ಅಮ್ಮನದು ಮುಗಿದಿತ್ತು. ಕೈಗೆ ಪ್ಲಾಸ್ಟಿಕ್ ಗವಸು ಕೊಟ್ಟಿದ್ದರಂತೆ. "ಬಟನ್ ಒತ್ತಿದ್ದೇ ಗೊತ್ತಾಗ್ಲಿಲ್ಲ ಕಣೇ, ಪೀಂ ಅಂದ್ಮೇಲೆ ಸಮಾಧಾನ ಆಯ್ತು" ಅಂದಳು. ಟ್ರಂಪ್ ಮಾಸ್ಕ್ ಕಿತ್ತದ್ದು ಅವಳಿಗೂ ಗೊತ್ತಿತ್ತು. "ದೊಡ್ಡೋರು ಹಿಂಗ್ ಮಾಡಿದ್ರೆ ಚಿಕ್ಕೋರು ಕೇಳ್ತಾರಾ? ಇಲ್ಲೂ ಪ್ರಚಾರಕ್ಕೆ ಬಂದೋರೆಲ್ಲ ಗದ್ದಕ್ಕೆ ಹಾಕ್ಕೊಂಡಿದ್ರು."

ಇತ್ತ ಪೆನ್ಸಿಲ್ವೇನಿಯಾದಲ್ಲಿ ಅಂಚೆ ಮತದ ಕವರ್‌ಗಳನ್ನು ಮತದಾನದ ದಿನ ಬೆಳಗ್ಗೆ ಏಳಕ್ಕೆ ಮೊದಲು ಒಡೆಯುವಂತಿಲ್ಲ. ಹಾಗಾಗಿ ಮೊದಲ ರಾತ್ರಿ ಟ್ರಂಪ್ ಲಕ್ಷಗಟ್ಟಲೆ ಮುಂದಿದ್ದು, ದಿನ ಕಳೆದಂತೆ ಆ ಅಂತರ ಕರಗಿತು. ಎಣಿಕೆ ನಿಲ್ಲಿಸಿ ಅಂತ ಅಧ್ಯಕ್ಷರು ಗುರುವಾರ ಟ್ವೀಟ್ ಮಾಡಿದರು. ಫಲಿತಾಂಶ ಶನಿವಾರ ಗೊತ್ತಾಯಿತು. ನಾಲ್ಕು ದಿನ ಯಾರೂ ಸರಿಯಾಗಿ ಮಲಗಲಿಲ್ಲ, ಎಣಿಕೆ ಕೇಂದ್ರದ ಹೊರಗೆ ಎರಡೂ ಕಡೆಯವರ ಕೂಗಾಟ. ಅಮ್ಮನಿಗೆ ಹೇಳಿದರೆ, "ನಾಲ್ಕ್ ದಿನಕ್ಕೆ ಇಷ್ಟ್ ಗಲಾಟೆನಾ? ನಮ್ದು ಇನ್ನೂ ಎಣಿಸೇ ಇಲ್ವಲ್ಲೇ" ಅಂದಳು. ಶಿರಾದ ಮತಯಂತ್ರಗಳಿಗೆ ಸೀಲ್ ಹಾಕಿ ಬೀಗ ಜಡಿದಿದ್ದರು. ಎಣಿಕೆ ಇದ್ದದ್ದು 10ನೇ ತಾರೀಖಿಗೆ.