ವ್ಯಾಂಪೈರ್ ಲವ್ ಸ್ಟೋರಿ ಓದಿದ್ಮೇಲೆ ನಿಮ್ಗೆ ಅನ್ಸಿದ್ದನ್ನ ಬರೆಯೋದು ಹೇಗೆ

ಟೀನ್ ಪ್ಯಾರಾನಾರ್ಮಲ್ ರೊಮ್ಯಾನ್ಸ್ (ವ್ಯಾಂಪೈರ್, ತೋಳ ಆಗೋ ಮನುಷ್ಯರು ಇಂಥವ್ರು ಬರೋ ಹದಿಹರೆಯದ ಲವ್ ಸ್ಟೋರಿ) ಓದಿದವ್ರು ಬರೆಯೋದು ಹೆಚ್ಚಾಗಿ ಎರಡೇ ಥರ, ಒಂದು ಪೂರ್ತಿ ಕಥೆನೇ ಒಪ್ಪಿಸ್ಬಿಡೋದು, ಇಲ್ಲಾಂದ್ರೆ "ಸೂಪರ್, ಅತ್ತೇಬಿಟ್ಟೆ, ಐದು ಸ್ಟಾರ್" ಅಂತ ಮುಗ್ಸೋದು. ಎರಡ್ರಲ್ಲೂ ಓದಿದವ್ರು ಮಾತ್ರ ಎಲ್ಲೂ ಕಾಣ್ಸಲ್ಲ. ಹೊಸ ಊರು, ಹೊಸ ಸ್ಕೂಲು, ಯಾರ ಜೊತೆನೂ ಸೇರದ ಒಬ್ಬ ಚೆಂದದ ಹುಡುಗ, ಅವನದೊಂದು ಗುಟ್ಟು, ಇಷ್ಟೆಲ್ಲಾ ಪುಸ್ತಕದ ಹಿಂದುಗಡೆ ಕವರ್ ಮೇಲೇ ಇರತ್ತೆ, ಅದನ್ನ ಎರಡು ಸಾಲಲ್ಲಿ ಹೇಳಿ ಮುಂದಕ್ಕೆ ಹೋಗಿ.

ಓದೋವಾಗ್ಲೇ ಫೋನಲ್ಲಿ ಪೇಜ್ ನಂಬರ್ ಹಾಕಿ ಚಿಕ್ಕದಾಗಿ ಬರ್ಕೊಳ್ಳಿ, "ನಗು ಬಂತು", "ಹೀರೋಗೆ ಬೈದೆ", "ಇಲ್ಲಿಂದ ಎರಡು ಪೇಜ್ ಹಾರ್ಸಿದೆ". ಓದಿ ಮುಗಿದ್ಮೇಲೆ ತಲೇಲಿ ಕ್ಲೈಮ್ಯಾಕ್ಸ್ ಒಂದೇ ಉಳ್ಕೊಳ್ಳತ್ತೆ, ಮಧ್ಯದಲ್ಲಿ ಎಷ್ಟು ಬೋರ್ ಆಗಿತ್ತು ಅನ್ನೋದು ಮರ್ತೇ ಹೋಗತ್ತೆ. ಹಾರ್ಸಿದ ಪೇಜ್‌ಗಳ ಬಗ್ಗೆ ಬರೀರಿ, ಅದಕ್ಕಿಂತ ನಿಜವಾದ ವಿಮರ್ಶೆ ಇಲ್ಲ ಅಂತ ನನ್ ಅಭಿಪ್ರಾಯ.

"ಎಮೋಷನಲ್ ಆಗಿದೆ" ಅಂದ್ರೆ ಏನೂ ಹೇಳ್ದಂಗಾಗಲ್ಲ, ಯಾವ ಜಾಗದಲ್ಲಿ ಅಂತ ಹೇಳ್ಬೇಕು. ಟ್ವೈಲೈಟ್ ಸರಣಿಯ ಎರಡನೇ ಪುಸ್ತಕ, 2006ರ ನ್ಯೂ ಮೂನ್ ತಗೊಳ್ಳಿ. ವ್ಯಾಂಪೈರ್ ಹೀರೋ ಎಡ್ವರ್ಡ್ ಹೀರೋಯಿನ್ ಬೆಲ್ಲಾನ ಬಿಟ್ಟೋದ್ಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಅಂತ ಬರೀ ತಿಂಗಳ ಹೆಸರಿರೋ ಖಾಲಿ ಪೇಜ್‌ಗಳು ಬರತ್ವೆ. ಅಲ್ಲಿ ಕೆಲವ್ರಿಗೆ ಗಂಟಲು ಉಬ್ಬಿ ಬರತ್ತೆ, ಕೆಲವ್ರಿಗೆ ಇದೇನು ಪೇಜ್ ತುಂಬ್ಸೋ ಆಟನಾ ಅನ್ಸತ್ತೆ. ನೀವು ಅದನ್ನ ನಿಧಾನಕ್ಕೆ ತಿರುಗ್ಸಿದ್ರಾ ಸರಸರ ಅಂತ ತಿರುಗ್ಸಿದ್ರಾ, ಅಷ್ಟು ಬರೆದ್ರೂ ನಿಮ್ ಓದು ಎಂಥದು ಅಂತ ಬೇರೆಯವ್ರಿಗೆ ಗೊತ್ತಾಗತ್ತೆ.

ಮಾಯಾಲೋಕದ ರೂಲ್ಸ್ ಬಗ್ಗೆ ಉದ್ದುದ್ದ ವಿವರಣೆ ಬೇಡ. ಆ ರೂಲ್ ಪ್ರೀತಿಗೆ ಅಡ್ಡ ಬರತ್ತಾ ಇಲ್ಲ ಸುಮ್ನೆ ಅಲಂಕಾರಕ್ಕಿದ್ಯಾ ಅನ್ನೋದಷ್ಟೇ ನೋಡಿ. 2009ರ ಶಿವರ್ ಅನ್ನೋ ಪುಸ್ತಕದಲ್ಲಿ ಚಳಿ ಬಂದ್ರೆ ಹುಡುಗ ತೋಳ ಆಗ್ತಾನೆ, ಅಧ್ಯಾಯದ ತಲೆ ಮೇಲೇ ಟೆಂಪರೇಚರ್ ಹಾಕಿರ್ತಾರೆ, ಹಾಗಾಗಿ ಆ ನಂಬರ್ ಕಮ್ಮಿ ಆಗ್ತಿದ್ದಂಗೆ ಓದೋರಿಗೂ ಭಯ ಶುರುವಾಗತ್ತೆ, ನಿಮ್ಗೆ ಆಯ್ತಾ ಇಲ್ವಾ ಅದನ್ನ ಹೇಳಿ. ಇನ್ನು "ನಿಜವಾದ ವ್ಯಾಂಪೈರ್ ಅಂದ್ರೆ ಬಿಸಿಲಲ್ಲಿ ಸುಟ್ಟೋಗ್ಬೇಕು, ಟ್ವೈಲೈಟಲ್ಲಿದ್ದಂಗೆ ಮಿಂಚೋದಲ್ಲ" ಅಂತ ಜಗಳಕ್ಕೆ ನಿಲ್ಲೋರು ಸ್ವಲ್ಪ ತಾಳಿ, 1897ರ ಡ್ರಾಕುಲಾ ಕಾದಂಬರೀಲಿ ಅವನು ಹಗಲೊತ್ತಲ್ಲೇ ಲಂಡನ್ ರಸ್ತೇಲಿ ಓಡಾಡ್ತಾನೆ, ಬಿಸಿಲಿಗೆ ಸಾಯೋದು 1922ರ ನೋಸ್ಫೆರಾಟು ಸಿನಿಮಾದಲ್ಲಿ.

ಎಲ್ಲಕ್ಕಿಂತ ಕಷ್ಟ ಹೀರೋ ಬಗ್ಗೆ ಬರೆಯೋದು. ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ, 1918ರಲ್ಲಿ ವ್ಯಾಂಪೈರ್ ಆಗಿ 17ರಲ್ಲೇ ನಿಂತೋಗಿದ್ದಾನೆ, ಬೆಲ್ಲಾಗೆ ಗೊತ್ತಿಲ್ದಂಗೆ ರಾತ್ರಿ ಕಿಟಕಿಯಿಂದ ಅವಳ ರೂಮಿಗೆ ಬಂದು ಅವಳು ಮಲಗಿರೋದನ್ನ ನೋಡ್ತಾ ಕೂತಿರ್ತಾನೆ. ಓದೋವಾಗ ಮೈ ಜುಮ್ ಅಂದಿರತ್ತೆ, ಅದೇ ಕೆಲ್ಸ ನಿಜವಾಗ್ಲೂ ಯಾರಾದ್ರೂ ಮಾಡಿದ್ರೆ ಕಂಪ್ಲೇಂಟ್ ಕೊಡ್ತೀವಿ. ಎರಡೂ ಬರೀರಿ, ಒಂದನ್ನ ಇಟ್ಕೊಂಡು ಇನ್ನೊಂದನ್ನ ಮುಚ್ಚಿಡ್ಬೇಡಿ. ಬರೀ ಗೇಲಿ ಮಾಡೋರು ತಮ್ಗೂ ಜುಮ್ ಅಂದಿದ್ದನ್ನ ಹೇಳಲ್ಲ, ಬರೀ ಹೊಗಳೋರು ಆ ಕಿಟಕಿ ವಿಷಯಕ್ಕೇ ಬರಲ್ಲ, ನಂಗೆ ಎರಡು ಪಾರ್ಟಿನೂ ಅಷ್ಟಕ್ಕಷ್ಟೇ. ಹಾಗೇ "ನಂಗೆ ಇಂಥದ್ದೆಲ್ಲ ಇಷ್ಟ ಇಲ್ಲ, ಟೈಮ್‌ಪಾಸ್‌ಗೆ ಓದಿದೆ ಅಷ್ಟೇ" ಅನ್ನೋ ಪೀಠಿಕೆ ಬಿಟ್ಬಿಡಿ, ನಾನೂರು ಪೇಜ್ ಯಾರೂ ಇಷ್ಟ ಇಲ್ದೆ ಓದಲ್ಲ.

ಯಾವ ವಯಸ್ಸಲ್ಲಿ ಓದಿದ್ರಿ ಅನ್ನೋದನ್ನ ಮರೀದೆ ಹಾಕಿ. ಟ್ವೈಲೈಟ್ ಬಂದಿದ್ದು 2005, ಅದೇ ಕಥೇನ ಎಡ್ವರ್ಡ್ ಬಾಯಲ್ಲಿ ಹೇಳೋ ಮಿಡ್‌ನೈಟ್ ಸನ್ ಬಂದಿದ್ದು 2020. ಮೊದಲನೇದನ್ನ ಬಂದಾಗಲೇ 15ರಲ್ಲಿ ಓದಿದವ್ರು ಎರಡನೇದಕ್ಕೆ 30 ಆಗಿರ್ತಾರೆ, ಅದೇ ಸೀನು ಆಗ ಹೆಂಗಿತ್ತು ಈಗ ಹೆಂಗಿದೆ ಅಂತ ಬೇರೆ ಬೇರೆ ಮಾಡಿ ಬರೀರಿ, ಕಲಸ್ಬಿಟ್ರೆ ಎರಡೂ ಹೋಗತ್ತೆ.

ಇಬ್ರು ಹುಡುಗ್ರ ಮಧ್ಯೆ ಒಬ್ಳು ಹುಡುಗಿ ಇದ್ರೆ ನೀವು ಯಾರ ಟೀಮ್ ಅಂತ ಧಾರಾಳವಾಗಿ ಹೇಳ್ಕೊಳ್ಳಿ, ಆದ್ರೆ ಯಾವ ಸೀನ್ ನೋಡಿ ಆ ಕಡೆ ವಾಲಿದ್ರಿ ಅಂತಾನೂ ಹೇಳಿ. ಸ್ಪಾಯ್ಲರ್ ವಿಷಯ ಸಿಂಪಲ್, ಯಾರು ಸಾಯ್ತಾರೆ, ಯಾರನ್ನ ಆರಿಸ್ಕೊಳ್ತಾಳೆ, ಕೊನೇಲಿ ಅವಳೂ ಅವನ ಥರ ಆಗ್ತಾಳಾ, ಈ ಮೂರನ್ನ ಎಚ್ಚರಿಕೆ ಕೊಡ್ದೆ ಬರೀಬೇಡಿ, ಸರಣೀಲಿ ಎಷ್ಟನೇ ಪುಸ್ತಕ ಅಂತ ಮೊದಲನೇ ಸಾಲಲ್ಲೇ ಹಾಕಿ. ರಕ್ತ, ಹಿಂಸೆ, ತನಗೆ ತಾನೇ ನೋವು ಮಾಡ್ಕೊಳ್ಳೋದು ಇದ್ರೆ ಅದನ್ನೂ ಮೊದಲೇ ಹೇಳ್ಬಿಡಿ, ಇದನ್ನ ಓದೋರಲ್ಲಿ ಚಿಕ್ಕವ್ರೂ ಇರ್ತಾರೆ. ಇಷ್ಟ ಆಗ್ಲಿಲ್ಲ ಅಂತ ಬರೆದಾಗ ಲೇಖಕರನ್ನ ಟ್ಯಾಗ್ ಮಾಡೋ ಚಟ ಬೇಡ.

ಬರೆದು ಮುಗ್ಸಿ ಒಂದ್ಸಲ ಓದ್ಕೊಳ್ಳಿ, ಯಾವ ಸಾಲನ್ನ ಬೇರೆ ಯಾವ್ದೇ ವ್ಯಾಂಪೈರ್ ಪುಸ್ತಕಕ್ಕೆ ಅಂಟಿಸಿದ್ರೂ ಹೊಂದ್ಕೊಳ್ಳತ್ತೋ ಅದನ್ನ ತೆಗ್ದಾಕಿ. ಅರ್ಧಕ್ಕೇ ಬಿಟ್ಟ ಪುಸ್ತಕದ ಬಗ್ಗೆನೂ ಬರೀಬಹುದು, ಎಷ್ಟನೇ ಅಧ್ಯಾಯದಲ್ಲಿ ಬಿಟ್ರಿ, ಏನು ಸಾಕಾಯ್ತು ಅಂತ ಹೇಳಿ, ಸ್ಟಾರ್ ಮಾತ್ರ ಕೊಡ್ಬೇಡಿ.