ಮೊದಲು ಕನ್ನಡದ ಸಾಲು, ಆಮೇಲೆ ಲೇಔಟ್

ಕನ್ನಡ ಪತ್ರಿಕೆಗೆ ಹೋಗುವ ಜಾಹೀರಾತಿನ ಲೇಔಟ್, ಅಂದರೆ ಪುಟದ ಮೇಲೆ ಮಾತು ಮತ್ತು ಚಿತ್ರಗಳ ಜೋಡಣೆ, ಎಷ್ಟೋ ಸಲ ಇಂಗ್ಲಿಷಿನಲ್ಲೇ ತಯಾರಾಗಿ ಬರುತ್ತದೆ. ಇಂಗ್ಲಿಷ್ ಸಾಲಿಗೆಂದು ಅಳೆದಿಟ್ಟ ಜಾಗಕ್ಕೆ ಕನ್ನಡವನ್ನು ತುರುಕುವುದಷ್ಟೇ ಕನ್ನಡದಲ್ಲಿ ಜಾಹೀರಾತು ಬರೆಯುವ ನಮಗೆ ಉಳಿಯುವ ಕೆಲಸ. ಅಂಥ ಜಾಹೀರಾತು ಓದುಗರ ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುವುದಿಲ್ಲ. ಹಾಗಾಗಿ ನಾನು ಕೆಲಸದ ಕ್ರಮವನ್ನೇ ತಿರುಗಿಸಿಕೊಂಡಿದ್ದೇನೆ: ಮೊದಲು ಕನ್ನಡದ ತಲೆಬರಹ, ಅದಕ್ಕೊಪ್ಪುವ ಚಿತ್ರ, ಕೊನೆಗೆ ಲೇಔಟ್. ಬ್ರಷ್ ಇಲ್ಲದ ಡಿಸಿ ಮೋಟಾರಿನಿಂದ ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಸೀಲಿಂಗ್ ಫ್ಯಾನಿಗೆ 16 × 25 ಸೆಂ.ಮೀ. ಅಳತೆಯ ಪತ್ರಿಕಾ ಜಾಹೀರಾತು ಮಾಡಬೇಕಿದೆ ಎಂದಿಟ್ಟುಕೊಂಡು ಆ ಕ್ರಮವನ್ನು ಹೇಳುತ್ತೇನೆ.

ಬ್ರೀಫ್ (ಏನು ಬೇಕೆಂದು ಗ್ರಾಹಕರು ಕೊಡುವ ವಿವರ) ಜೊತೆ ಬರುವ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ‘ಅನುಭವಿಸಿ ಉಳಿತಾಯದ ಶಕ್ತಿಯನ್ನು!’ ಇದೇ ಅಚ್ಚಿನ ಇನ್ನೊಂದು, ‘ಪಡೆಯಿರಿ ಭಾರಿ ರಿಯಾಯಿತಿ’. ಕನ್ನಡದಲ್ಲಿ ಕ್ರಿಯಾಪದದ ಜಾಗ ವಾಕ್ಯದ ಕೊನೆ. ಆಡುಮಾತಿನಲ್ಲಿ ಅದು ಮುಂದಕ್ಕೆ ಜಿಗಿಯುವುದುಂಟು, ಆದರೆ ಅವಸರದಲ್ಲಿ ಅಥವಾ ಸಿಟ್ಟಿನಲ್ಲಿ: ‘ಹಾಕು ಬಾಗಿಲು’, ‘ತೆಗಿ ಅದನ್ನ’. ಕೊಳ್ಳಿ ಎಂದು ಕರೆಯುವವರ ಬಾಯಲ್ಲಿ ಆ ದನಿ ಗದರಿದಂತೆ ಕೇಳುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಎಂದರೆ, ‘ಉಳಿತಾಯದ ಶಕ್ತಿ’ ಎಂದಾಗ ಕಣ್ಣ ಮುಂದೆ ಏನೂ ಬರುವುದಿಲ್ಲ.

ಕಣ್ಣ ಮುಂದೆ ಬರಬೇಕಾದರೆ ವಸ್ತುವಿನ ಲೆಕ್ಕಕ್ಕೇ ಹೋಗಬೇಕು. ಹಳೆಯ ಸಾಮಾನ್ಯ ಫ್ಯಾನ್ ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ ಸುಮಾರು 28. ದಿನಕ್ಕೆ 12 ಗಂಟೆ ತಿರುಗಿದರೆ 30 ದಿನಕ್ಕೆ ಹೆಚ್ಚುಕಮ್ಮಿ 17 ಯುನಿಟ್ ವ್ಯತ್ಯಾಸ. ‘ತಿಂಗಳಿಗೆ 17 ಯುನಿಟ್ ಉಳಿತಾಯ’ ಎಂಬ ಸಾಲು ಸರಿಯೇ, ಆದರೆ ಅದು ಹೆಚ್ಚೋ ಕಡಿಮೆಯೋ ಎಂದು ಓದುಗರೇ ಲೆಕ್ಕ ಹಾಕಬೇಕು. 75ರಲ್ಲಿ 28 ಎರಡು ಸಲ ಹೋಗಿ ಇನ್ನೂ 19 ಮಿಗುತ್ತದೆ. ಅಲ್ಲಿಂದ ಸಿಕ್ಕ ಸಾಲು: ‘ಒಂದರ ಕರೆಂಟಿನಲ್ಲಿ ಎರಡು ಫ್ಯಾನ್’. ಕ್ರಿಯಾಪದವೇ ಇಲ್ಲ, ಬೇಕಾಗಿಯೂ ಇಲ್ಲ. ಉಪಶೀರ್ಷಿಕೆಯಲ್ಲಿ ಲೆಕ್ಕ ತೋರಿಸಿಬಿಡಬೇಕು: ‘ಹಳೆಯ ಫ್ಯಾನ್ 75 ವ್ಯಾಟ್. ಇದು 28.’ ಹೋಲಿಕೆ ಯಾವುದರ ಜೊತೆ ಎಂದು ಹೇಳದ ‘ಹೆಚ್ಚು ಉಳಿತಾಯ’, ‘ಇನ್ನಷ್ಟು ಬಿಳುಪು’ ಬಗೆಯ ಮಾತು ಒಪ್ಪಿಸುವಂತೆ ಕಂಡರೂ ಯಾವುದಕ್ಕೂ ಬದ್ಧವಲ್ಲ. ನಾನು ಅದನ್ನು ಬರೆಯುವುದಿಲ್ಲ.

ಪ್ರಾಸ ಬೇಕು ಎಂದು ಗ್ರಾಹಕರು ಕೇಳುತ್ತಾರೆ. ಸಾಲಿನ ತುದಿಗೆ ಬಲವಂತದ ಪ್ರಾಸ ಕಟ್ಟಿದರೆ ಅರ್ಥ ಬಾಗುತ್ತದೆ. ಕನ್ನಡದ ಕಿವಿಗೆ ಬೇಗ ಹಿಡಿಸುವುದು ಎರಡನೇ ಅಕ್ಷರದ ಪ್ರಾಸ. ‘ಕೈ ಕೆಸರಾದರೆ ಬಾಯಿ ಮೊಸರು’ ಗಾದೆಯಲ್ಲಿ ಕೆಸರು, ಮೊಸರು ಕೂಡಿಕೊಳ್ಳುವುದು ಹಾಗೆ. ತಾನಾಗಿ ಬಂದರೆ ಇಟ್ಟುಕೊಳ್ಳಿ, ಬಾರದಿದ್ದರೆ ಬಿಡಿ. ಅನುಕರಣ ಶಬ್ದಗಳೂ ಅಷ್ಟೇ. ‘ಕಿರ್‌ಕಿರ್ ಸದ್ದಿಲ್ಲ’ ಎಂದರೆ ಹಳೆಯ ಫ್ಯಾನಿನ ಸದ್ದು ತಕ್ಷಣ ಕಿವಿಗೆ ಬರುತ್ತದೆ. ಒಂದೇ ಜಾಹೀರಾತಿನಲ್ಲಿ ಅಂಥವು ಮೂರಾದರೆ ಮಕ್ಕಳ ಪದ್ಯವಾಗುತ್ತದೆ.

ಒಂದು ಪ್ರತ್ಯಯದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು: ‘ವರೆಗೆ’. ಇಂಗ್ಲಿಷಿನಲ್ಲಿ ಈ ಮಿತಿಯ ಮಾತು ಅಂಕಿಗಿಂತ ಮೊದಲೇ ಬರುತ್ತದೆ. ಕನ್ನಡದಲ್ಲಿ ಅಂಕಿ ಮೊದಲು, ಮಿತಿ ಆಮೇಲೆ: ‘ಶೇ. 60ರವರೆಗೆ’. ಅಂಕಿಯನ್ನು 90 ಪಾಯಿಂಟಿನಲ್ಲೂ (ಪಾಯಿಂಟ್ ಎಂದರೆ ಅಕ್ಷರದ ಗಾತ್ರದ ಅಳತೆ) ‘ರವರೆಗೆ’ಯನ್ನು 12 ಪಾಯಿಂಟಿನಲ್ಲೂ ಇಟ್ಟರೆ ಓದುಗರು 60ನ್ನು ನಂಬಿ ಮುಂದೆ ಸಾಗಿರುತ್ತಾರೆ. ವ್ಯಾಕರಣ ತಪ್ಪಿಲ್ಲ, ಒಂದು ಅಕ್ಷರವೂ ಸುಳ್ಳಲ್ಲ. ಮೋಸ ನಡೆಯುವುದು ಗಾತ್ರದಲ್ಲಿ. ನನ್ನ ಪದ್ಧತಿಯಲ್ಲಿ ‘ರವರೆಗೆ’ ಅಂಕಿಯ ಅರ್ಧ ಗಾತ್ರಕ್ಕಿಂತ ಕೆಳಗಿಳಿಯುವುದಿಲ್ಲ, ಬಣ್ಣವೂ ಬೇರೆಯಾಗುವುದಿಲ್ಲ. ಷರತ್ತು ಇದ್ದರಂತೂ ಕಾನೂನೇ ಇದೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಂತೆ ಡಿಸ್‌ಕ್ಲೇಮರ್ (ಹೇಳಿಕೆಯ ಷರತ್ತು, ಮಿತಿ ತಿಳಿಸುವ ಟಿಪ್ಪಣಿ) ಇರಬೇಕಾದದ್ದು ಹೇಳಿಕೆ ಇರುವ ಭಾಷೆಯಲ್ಲೇ, ಅದೇ ಫಾಂಟಿನಲ್ಲೇ. ಕನ್ನಡ ಜಾಹೀರಾತಿನ ಬುಡದಲ್ಲಿ ಇಂಗ್ಲಿಷಿನ ಇರುವೆ ಸಾಲು ಹಾಕಿ ಕೈತೊಳೆದುಕೊಳ್ಳುವಂತಿಲ್ಲ.

ಚಿತ್ರಕ್ಕೆ ಬರೋಣ. ತಲೆಬರಹ ‘ಎರಡು ಫ್ಯಾನ್’ ಎಂದಾಗಿದೆ, ಚಿತ್ರದಲ್ಲೂ ಎರಡು ಫ್ಯಾನ್ ತೂಗುಹಾಕಿದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ಮಾತು ಲೆಕ್ಕ ಹೇಳಿದರೆ ಚಿತ್ರ ಗಾಳಿ ತೋರಿಸಬೇಕು. ಗಾಳಿ ಫ್ಯಾನಿನಲ್ಲಿ ಕಾಣುವುದಿಲ್ಲ. ಅಲುಗುವ ಪರದೆಯಲ್ಲಿ, ಮೇಲೆದ್ದ ಪುಸ್ತಕದ ಹಾಳೆಯಲ್ಲಿ, ಹಣೆಯಿಂದ ಹಾರಿದ ಕೂದಲಲ್ಲಿ ಕಾಣುತ್ತದೆ. ಫ್ಯಾನ್ ಚೌಕಟ್ಟಿನೊಳಗೆ ಬರಲೇಬೇಕಾದರೆ ಶಟರ್ ವೇಗ ನೋಡಿಕೊಳ್ಳಿ. ನಿಮಿಷಕ್ಕೆ 350 ಸುತ್ತು ತಿರುಗುವ ಫ್ಯಾನನ್ನು 1/1000 ಸೆಕೆಂಡಿನಲ್ಲಿ ತೆಗೆದರೆ ರೆಕ್ಕೆ ಎರಡು ಡಿಗ್ರಿಯಷ್ಟೇ ಸರಿದಿರುತ್ತದೆ, ಫ್ಯಾನ್ ನಿಂತುಹೋದಂತೆ ಕಾಣುತ್ತದೆ. 1/30ಕ್ಕೆ ಇಳಿಸಿದರೆ 70 ಡಿಗ್ರಿ ಸರಿದು, ಮೂರೂ ರೆಕ್ಕೆಗಳ ಗುರುತು ಉಳಿದೇ ಮಸುಕು ಬರುತ್ತದೆ. ಕ್ಯಾಮೆರಾ ಸ್ಟ್ಯಾಂಡ್ ಮೇಲಿರಲಿ, ಇಲ್ಲದಿದ್ದರೆ ಗೋಡೆಯೂ ಮಸುಕಾಗುತ್ತದೆ.

ಚಿತ್ರದಲ್ಲಿ ಮನುಷ್ಯರಿದ್ದರೆ ಅವರ ನೋಟ ಎತ್ತ ಎಂಬುದು ಮುಖ್ಯ. ನೋಡುವವರ ಕಣ್ಣು ಮೊದಲು ಮುಖಕ್ಕೆ, ಅಲ್ಲಿಂದ ಆ ಮುಖ ನೋಡುವ ದಿಕ್ಕಿಗೆ ಹೋಗುತ್ತದೆ. ಪುಟದ ಹೊರಗೆ ನೋಡುವ ಮುಖ ಓದುಗರನ್ನೂ ಹೊರಗೆ ಕಳಿಸುತ್ತದೆ. ಮುಖ ತಲೆಬರಹದತ್ತ ತಿರುಗಿರಲಿ. ಮುಖ ತಿರುಗಿಸಲೆಂದು ಫೋಟೊವನ್ನೇ ಅಡ್ಡಕ್ಕೆ ಫ್ಲಿಪ್ ಮಾಡಿದರೆ ಅಂಗಿಯ ಗುಂಡಿಯ ಬದಿ ಬದಲಾಗುತ್ತದೆ, ಹಿನ್ನೆಲೆಯ ಅಕ್ಷರಗಳು ತಿರುಗುಮುರುಗಾಗುತ್ತವೆ. ಶೂಟಿಂಗ್ ವೇಳೆಯಲ್ಲೇ ಎರಡೂ ದಿಕ್ಕಿನಲ್ಲಿ ತೆಗೆದಿಟ್ಟುಕೊಳ್ಳುವುದು ಮೇಲು.

ಇನ್ನು ಅಕ್ಷರ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರಗಳಿಲ್ಲ, ಒತ್ತಿ ಹೇಳಲು ಉಳಿದಿರುವುದು ಗಾತ್ರ, ದಪ್ಪ ಮತ್ತು ಸುತ್ತಲಿನ ಖಾಲಿ ಜಾಗ. ಲೇಔಟ್ ಸಾಫ್ಟ್‌ವೇರ್ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ ಗಾತ್ರದ ಶೇ. 120. ಅದು ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ವಿವರಣೆಯ ಭಾಗಕ್ಕೆ 11 ಪಾಯಿಂಟ್ ಅಕ್ಷರ, 16 ಪಾಯಿಂಟ್ ಅಂತರ ಇಡುತ್ತೇನೆ. ತಲೆಬರಹ 60 ಪಾಯಿಂಟ್, ಎರಡು ಸಾಲು: ‘ಒಂದರ ಕರೆಂಟಿನಲ್ಲಿ’ ಮೇಲೆ, ‘ಎರಡು ಫ್ಯಾನ್’ ಕೆಳಗೆ. ಎಡಕ್ಕೆ ಜೋಡಿಸಿದಾಗ ‘ಲ್ಲಿ’ಯ ಒತ್ತಿನ ಕೆಳಗೆ ಖಾಲಿ ಜಾಗವೇ ಬರುವುದರಿಂದ ಇಲ್ಲಿ ಮಾತ್ರ 72 ಪಾಯಿಂಟ್ ಅಂತರ ಸಾಕು. ಸಾಲು ಮುರಿಯುವ ಜಾಗವನ್ನು ಅರ್ಥವೇ ಹೇಳಬೇಕು. ‘ಎರಡು’ ಮೇಲೆ ಉಳಿದು ‘ಫ್ಯಾನ್’ ಒಂಟಿಯಾಗಿ ಕೆಳಗಿಳಿದರೆ ಮಾತಿನ ಬಲವೇ ಹೋಯಿತು. ಕಿರಿದಾದ ಕಾಲಮ್ಮಿನಲ್ಲಿ ಎರಡೂ ಅಂಚು ಸಮ ಮಾಡಬೇಡಿ. ಕನ್ನಡದ ಪದಗಳು ಉದ್ದ, ನಡುವೆ ಬಿಳಿ ಕಾಲುವೆಗಳು ತೆರೆದುಕೊಳ್ಳುತ್ತವೆ.

ಬೋಲ್ಡ್ ಇಲ್ಲದ ಫಾಂಟಿಗೆ ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟು ದಪ್ಪ ಮಾಡುವ ಅಭ್ಯಾಸ ಕೆಟ್ಟದ್ದು. ಧ ಅಕ್ಷರದ ಕೆಳಗಿನ ಸೀಳು ಮುಚ್ಚಿ ‘ಧನ’ ಹೋಗಿ ‘ದನ’ ಆಗುತ್ತದೆ. ಪತ್ರಿಕಾ ಕಾಗದದಲ್ಲಿ ಶಾಯಿ ಹರಡುವುದರಿಂದ ತೆರೆಯ ಮೇಲೆ ತೆರೆದೇ ಇದ್ದ ಸೀಳೂ ಅಚ್ಚಿನಲ್ಲಿ ಮುಚ್ಚಬಹುದು. ನಿಜವಾದ ಬೋಲ್ಡ್ ಇರುವ ಫಾಂಟನ್ನೇ ಆರಿಸಿ. ಸಣ್ಣ ಅಕ್ಷರಗಳೆಲ್ಲ ಕಪ್ಪು ಶಾಯಿಯೊಂದರಲ್ಲೇ ಇರಲಿ. ನಾಲ್ಕು ಬಣ್ಣ ಸೇರಿಸಿದ ಕಪ್ಪಿನಲ್ಲಿ ಒಂದು ಬಣ್ಣದ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಚಿತ್ರದ ಕಡುಗಪ್ಪು ಭಾಗಗಳಲ್ಲಿ ಒಂದೊಂದಕ್ಕೆ ಗರಿಷ್ಠ ಶೇ. 100ರಂತೆ ಎಣಿಸಿದರೆ ನಾಲ್ಕೂ ಶಾಯಿಗಳ ಮೊತ್ತ ಶೇ. 240 ಮೀರದಿರಲಿ.

ಕಳಿಸುವ ಮುನ್ನ ಅಸಲು ಅಳತೆಯಲ್ಲಿ ಕಪ್ಪುಬಿಳುಪು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಎರಡು ಮೀಟರ್ ದೂರದಲ್ಲಿ ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಮೊದಲು ಚಿತ್ರ, ಆಮೇಲೆ ತಲೆಬರಹ, ಆಮೇಲೆ ‘75’ ಮತ್ತು ‘28’ ಕಾಣಬೇಕು. ಲೋಗೊ ಇವುಗಳಿಗಿಂತ ಮೊದಲು ಕಂಡರೆ ಅದನ್ನು ಚಿಕ್ಕದು ಮಾಡಬೇಕು. ನಂತರ ಬ್ರೀಫ್ ಓದಿರದ ಒಬ್ಬರಿಂದ ಜೋರಾಗಿ ಓದಿಸುತ್ತೇನೆ. ಅವರು ಎಲ್ಲಿ ತಡವರಿಸುತ್ತಾರೋ ಆ ಪದ ಬದಲಾಗುತ್ತದೆ. ಕೊನೆಗೆ ಪಠ್ಯವನ್ನು ಕರ್ವ್ಸ್ ಮಾಡಿ (ಅಕ್ಷರಗಳನ್ನು ಫಾಂಟ್ ಬೇಡದ ಆಕೃತಿಗಳಾಗಿ ಬದಲಿಸಿ), ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ ಪ್ರೆಸ್ಸಿಗೆ ಕಳಿಸುವುದು. ಕರ್ವ್ಸ್ ಮಾಡದ ಮೂಲ ಫೈಲ್ ಬೇರೆ ಹೆಸರಿನಲ್ಲಿ ನಿಮ್ಮ ಬಳಿಯೇ ಇರಲಿ, ಬೆಲೆಯ ತಿದ್ದುಪಡಿ ಬರುವುದು ಯಾವಾಗಲೂ ಕೊನೆಯ ಗಂಟೆಯಲ್ಲೇ.