ಕಲಿಕಾ ಉದ್ದೇಶದ ಚಿಂತನಾ ಮಟ್ಟವನ್ನು ಗುರುತಿಸುವ ಬಗೆ

ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಗಳು ಆವಿಯಾಗುವಿಕೆಯನ್ನು ಅರಿತುಕೊಳ್ಳುತ್ತಾರೆ’ ಎಂದು ಬರೆದರೆ ಆ ಉದ್ದೇಶವನ್ನು ಚಿಂತನೆಯ ಯಾವ ಮಟ್ಟಕ್ಕೂ ಸೇರಿಸಲಾಗದು. ಅರಿತದ್ದು ಶಿಕ್ಷಕರ ಕಣ್ಣಿಗೆ ಬೀಳುವುದು ವಿದ್ಯಾರ್ಥಿಯು ಅದನ್ನು ಹೇಳಿದಾಗ, ಬರೆದಾಗ ಅಥವಾ ಮಾಡಿ ತೋರಿಸಿದಾಗ ಮಾತ್ರ. ಆದ್ದರಿಂದ ವರ್ಗೀಕರಣಕ್ಕೆ ತೊಡಗುವ ಮೊದಲು ಕ್ರಿಯಾಪದವನ್ನು ‘ಪಟ್ಟಿ ಮಾಡುತ್ತಾರೆ’, ‘ಕಾರಣ ನೀಡುತ್ತಾರೆ’, ‘ಹೋಲಿಸುತ್ತಾರೆ’ ಎಂಬಂತೆ ತಿದ್ದಿಕೊಳ್ಳಬೇಕು.

ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಕಲಿಕಾ ಉದ್ದೇಶಗಳ ವರ್ಗೀಕರಣವನ್ನು ಆಂಡರ್ಸನ್ ಮತ್ತು ಕ್ರಾಥ್‌ವೋಲ್ ಅವರ ತಂಡ 2001ರಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ ಮಟ್ಟಗಳು ಆರು: ಸ್ಮರಣೆ, ತಿಳುವಳಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ. ಹಳೆಯ ಪಟ್ಟಿಯಲ್ಲಿ ಐದನೆಯದಾಗಿದ್ದ ಸಂಶ್ಲೇಷಣೆಯ (ಬಿಡಿ ಅಂಶಗಳನ್ನು ಜೋಡಿಸಿ ಹೊಸದನ್ನು ಕಟ್ಟುವುದರ) ಜಾಗಕ್ಕೆ ಬಂದ ಸೃಷ್ಟಿಯು ಈಗ ಮೌಲ್ಯಮಾಪನಕ್ಕಿಂತ ಮೇಲಿದೆ, ಹಳೆಯ ಬಿ.ಇಡಿ. ಟಿಪ್ಪಣಿಗಳನ್ನು ಬಳಸುವವರು ಇದನ್ನು ಗಮನಿಸಬೇಕು.

ಪ್ರತಿ ಮಟ್ಟಕ್ಕೂ ಕ್ರಿಯಾಪದಗಳ ಸಿದ್ಧ ಪಟ್ಟಿಗಳು ಧಾರಾಳವಾಗಿ ಸಿಗುತ್ತವೆ. ಅವು ಆರಂಭಕ್ಕೆ ಅನುಕೂಲ, ಆದರೆ ಅವುಗಳನ್ನೇ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಮಟ್ಟವನ್ನು ನಿರ್ಧರಿಸುವುದು ಕ್ರಿಯಾಪದಕ್ಕಿಂತ ಹೆಚ್ಚಾಗಿ ಅದುವರೆಗೆ ತರಗತಿಯಲ್ಲಿ ನಡೆದಿರುವ ಪಾಠ. ‘ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಿರುವುದಕ್ಕೆ ಕಾರಣ ನೀಡುತ್ತಾರೆ’ ಎಂಬ ಉದ್ದೇಶವನ್ನೇ ತೆಗೆದುಕೊಳ್ಳೋಣ. ಮಡಕೆಯ ಸಣ್ಣ ರಂಧ್ರಗಳಿಂದ ಹೊರಬಂದ ನೀರು ಆವಿಯಾಗುವಾಗ ಉಷ್ಣವನ್ನು ಹೀರಿಕೊಳ್ಳುತ್ತದೆ ಎಂಬ ಉತ್ತರವನ್ನು ಶಿಕ್ಷಕರು ಆಗಲೇ ಬರೆಸಿದ್ದರೆ, ವಿದ್ಯಾರ್ಥಿಯು ಮಾಡುವುದು ಕೇವಲ ಸ್ಮರಣೆ. ಬೆವರು ಆರುವಾಗ ಮೈ ತಂಪಾಗುವುದನ್ನಷ್ಟೇ ಕಲಿಸಿ ಮಡಕೆಯ ವಿಷಯವನ್ನು ವಿದ್ಯಾರ್ಥಿಗೇ ಬಿಟ್ಟಿದ್ದರೆ, ಅದೇ ವಾಕ್ಯ ಅನ್ವಯದ ಮಟ್ಟಕ್ಕೆ ಏರುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯ ಮಡಕೆ ನೀರನ್ನು ತಣಿಸುವಷ್ಟು ಮಂಗಳೂರಿನ ಮಡಕೆ ಏಕೆ ತಣಿಸುವುದಿಲ್ಲ ಎಂದು ಕೇಳಿದರೆ, ಮಡಕೆ, ಬಿಸಿಲು, ಗಾಳಿ, ತೇವಾಂಶ ಇವುಗಳಲ್ಲಿ ವ್ಯತ್ಯಾಸಕ್ಕೆ ಕಾರಣವಾದದ್ದನ್ನು ಬೇರ್ಪಡಿಸಬೇಕಾಗುತ್ತದೆ, ಇದು ವಿಶ್ಲೇಷಣೆ. ಸಂದೇಹ ಬಂದಾಗ ವಿದ್ಯಾರ್ಥಿಯ ನೋಟ್‌ಪುಸ್ತಕವನ್ನು ತೆರೆದು ನೋಡಬೇಕು. ಉತ್ತರ ಅಲ್ಲಿ ಇದ್ದಂತೆಯೇ ಸಿಕ್ಕರೆ, ಪ್ರಶ್ನೆಯಲ್ಲಿ ‘ವಿಶ್ಲೇಷಿಸಿ’ ಎಂದಿದ್ದರೂ ಅದನ್ನು ಸ್ಮರಣೆಗೇ ಸೇರಿಸಬೇಕು.

ಎಲ್ಲಕ್ಕಿಂತ ಮೇಲಿನ ಎರಡು ಮಟ್ಟಗಳಾದ ಮೌಲ್ಯಮಾಪನ ಮತ್ತು ಸೃಷ್ಟಿಗೂ ಇದೇ ಒರೆಗಲ್ಲು ಸಾಕು. ಒದ್ದೆ ಕರವಸ್ತ್ರಗಳಲ್ಲಿ ಒಂದನ್ನು ಮಡಚಿ, ಇನ್ನೊಂದನ್ನು ಹರವಿ ಒಣಗಿಸುವ ಪ್ರಯೋಗದ ಹಂತಗಳನ್ನು ಪುಸ್ತಕವೇ ಕೊಟ್ಟಿದ್ದರೆ ಅದನ್ನು ಮಾಡುವುದು ಅನ್ವಯ. ಇತರರು ಮಾಡಿದ ಪ್ರಯೋಗದಲ್ಲಿ ಎರಡೂ ಬಟ್ಟೆಗಳು ಒಂದೇ ಅಳತೆಯವಾಗಿದ್ದವೇ, ಒಂದೇ ಜಾಗದಲ್ಲಿದ್ದವೇ ಎಂದು ಪರಿಶೀಲಿಸಿ ಫಲಿತಾಂಶವನ್ನು ಒಪ್ಪುವುದು ಅಥವಾ ತಳ್ಳಿಹಾಕುವುದು ಮೌಲ್ಯಮಾಪನ. ಗಾಳಿಯ ಪರಿಣಾಮವನ್ನು ಅಳೆಯಲು ತಾನೇ ಒಂದು ಪ್ರಯೋಗವನ್ನು ರೂಪಿಸುವುದು ಸೃಷ್ಟಿ.

ಒಂದೇ ವಾಕ್ಯದಲ್ಲಿ ‘ಪಟ್ಟಿ ಮಾಡಿ ಹೋಲಿಸುತ್ತಾರೆ’ ಎಂದು ಎರಡು ಕ್ರಿಯೆಗಳಿದ್ದರೆ ಅದನ್ನು ಒಡೆದು ಎರಡು ಉದ್ದೇಶಗಳಾಗಿ ಬರೆಯುವುದು ಒಳ್ಳೆಯದು. ಒಂದು ಅವಧಿಯ ಪಾಠಕ್ಕೆ ಆರೂ ಮಟ್ಟಗಳನ್ನು ತುರುಕುವುದು ತಪಾಸಣೆಗೆ ಬಂದವರನ್ನು ಮೆಚ್ಚಿಸೀತೇ ಹೊರತು ಪಾಠಕ್ಕೆ ನೆರವಾಗದು. ಎರಡು ಅಥವಾ ಮೂರು ಸಾಕು. ವರ್ಗೀಕರಣ ಮುಗಿದ ಮೇಲೆ ಪ್ರತಿ ಉದ್ದೇಶದ ಎದುರಿಗೆ ಘಟಕ ಪರೀಕ್ಷೆಯ ಒಂದು ಪ್ರಶ್ನೆಯನ್ನು ಬರೆದು, ಎರಡರ ಮಟ್ಟವೂ ಒಂದೇ ಆಗಿದೆಯೇ ಎಂದು ತಾಳೆ ನೋಡಬೇಕು.